ಪಶ್ಚಿಮ ಕೆನಡಾದ ಕಿರಿಯರ ಐಸ್ ಹಾಕಿ: ಆ ಏಳು ತಂಡಗಳು ಈಗ ಎಲ್ಲಿವೆ?

ಬ್ಲೇಡ್ಸ್ ಅಭಿಮಾನಿ, ಸಾಸ್ಕಟೂನ್

ಹದಿನಾರರಿಂದ ಇಪ್ಪತ್ತರೊಳಗಿನ ಹುಡುಗರ ಪಂದ್ಯ ನೋಡಲು ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಏಕೆ ಹೋಗುತ್ತಾರೆ ಎಂದು ಊರಿನಿಂದ ಬಂದವರೆಲ್ಲ ನನ್ನನ್ನು ಕೇಳುತ್ತಾರೆ. ಉತ್ತರ ಸ್ವಲ್ಪ ಉದ್ದವಿದೆ, ಇಲ್ಲಿಯೇ ಬರೆದುಬಿಡುತ್ತೇನೆ.

ನಾನು ಹೇಳುತ್ತಿರುವುದು ವೆಸ್ಟರ್ನ್ ಹಾಕಿ ಲೀಗ್ ಬಗ್ಗೆ. ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಾಸ್ಕಾಚೆವಾನ್, ಮ್ಯಾನಿಟೋಬಾ ಎಂಬ ನಾಲ್ಕು ಪ್ರಾಂತ್ಯಗಳು, ಜೊತೆಗೆ ಗಡಿಯಾಚೆಗಿನ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳು ಇದರ ವ್ಯಾಪ್ತಿ. ಒಂಟಾರಿಯೊದಲ್ಲಿ ಒಂದು, ಕ್ವಿಬೆಕ್ ಮತ್ತು ಪೂರ್ವ ಕರಾವಳಿಗೆ ಸೇರಿ ಒಂದು, ಪಶ್ಚಿಮಕ್ಕೆ ಇದು. ಮೂರೂ ಲೀಗುಗಳ ವಿಜೇತರು ಮತ್ತು ಆತಿಥೇಯ ತಂಡ ವರ್ಷದ ಕೊನೆಗೆ ಮೆಮೋರಿಯಲ್ ಕಪ್‌ಗಾಗಿ ಸೆಣಸುತ್ತವೆ. ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ 1919ರಲ್ಲಿ ಶುರುವಾದ ಕಪ್ ಅದು.

ಲೀಗ್ ಹುಟ್ಟಿದ್ದು 1966ರಲ್ಲಿ, ಅದೂ ಜಗಳದಿಂದ. ಎಡ್ಮಂಟನ್ ಆಯಿಲ್ ಕಿಂಗ್ಸ್ ತಂಡ 1960ರಿಂದ 1966ರವರೆಗೆ ಸತತ ಏಳು ವರ್ಷ ಮೆಮೋರಿಯಲ್ ಕಪ್ ಫೈನಲ್ ತಲುಪಿತ್ತು, ಎರಡು ಸಲ ಗೆದ್ದಿತ್ತು. ಆದರೆ ಸ್ವಂತ ಪ್ರಾಂತ್ಯದಲ್ಲಿ ಸಮಬಲದ ಕಿರಿಯರ ತಂಡವೇ ಅದಕ್ಕಿರಲಿಲ್ಲ. ಆ ತಂಡದ ವ್ಯವಹಾರ ನೋಡುತ್ತಿದ್ದ ಬಿಲ್ ಹಂಟರ್ ಸುಮ್ಮನೆ ಕೂರುವ ಜಾತಿಯವನಲ್ಲ. ಜನ ಅವನನ್ನು ಕರೆಯುತ್ತಿದ್ದುದೇ ‘ವೈಲ್ಡ್ ಬಿಲ್’ ಎಂದು. ಅವನೂ ಸಾಸ್ಕಾಚೆವಾನಿನ ಕೆಲವು ತಂಡಗಳ ಯಜಮಾನರೂ ಸೇರಿ, ಕೆನಡಾದ ರಾಷ್ಟ್ರೀಯ ಹಾಕಿ ಸಂಘ ಒಪ್ಪದಿದ್ದರೂ, ಹೊಸ ಲೀಗ್ ಕಟ್ಟಿದರು. ಮೊದಲ ವರ್ಷ ಸಂಘ ಅದಕ್ಕೆ ಮಾನ್ಯತೆಯನ್ನೇ ಕೊಡಲಿಲ್ಲ.

ಮೊದಲ ವರ್ಷದ ಏಳು ತಂಡಗಳು: ಎಡ್ಮಂಟನ್ ಆಯಿಲ್ ಕಿಂಗ್ಸ್, ಕ್ಯಾಲ್ಗರಿ ಬಫಲೋಸ್, ರೆಜೈನಾ ಪ್ಯಾಟ್ಸ್, ಮೂಸ್ ಜಾ ಕನಕ್ಸ್, ಸಾಸ್ಕಟೂನ್ ಬ್ಲೇಡ್ಸ್, ಎಸ್ಟೆವನ್ ಬ್ರೂಯಿನ್ಸ್, ವೇಬರ್ನ್ ರೆಡ್ ವಿಂಗ್ಸ್. ಐದು ತಂಡಗಳು ಒಂದೇ ಪ್ರಾಂತ್ಯದವು ಎಂಬುದನ್ನು ಗಮನಿಸಿ. ಕೊನೆಯ ಎರಡು ಹೆಸರುಗಳು ಬಾಸ್ಟನ್ ಮತ್ತು ಡೆಟ್ರಾಯಿಟ್‌ನ ದೊಡ್ಡ ತಂಡಗಳ ಹೆಸರುಗಳೇ. ಆಗ ದೊಡ್ಡವರ ವೃತ್ತಿಪರ ಲೀಗಾದ ಎನ್‌ಎಚ್‌ಎಲ್‌ನ ತಂಡಗಳು ಕಿರಿಯರ ತಂಡಗಳಿಗೆ ಹಣ ಕೊಟ್ಟು ಸಾಕುತ್ತಿದ್ದವು, ಅಲ್ಲಿನ ಹುಡುಗರ ಮೇಲೆ ಹಕ್ಕನ್ನೂ ಇಟ್ಟುಕೊಳ್ಳುತ್ತಿದ್ದವು. ಅರವತ್ತರ ದಶಕದ ಕೊನೆಗೆ ಆ ಪದ್ಧತಿ ನಿಂತಿತು, ಅದೇ ಹೊತ್ತಿಗೆ 1967ರಲ್ಲಿ ಎನ್‌ಎಚ್‌ಎಲ್ ಆರು ತಂಡಗಳಿಂದ ಹನ್ನೆರಡಕ್ಕೆ ಬೆಳೆಯಿತು. ಆಟಗಾರರಿಗೆ ಬೇಡಿಕೆ ಒಮ್ಮೆಲೇ ದುಪ್ಪಟ್ಟಾಯಿತು. ಹಂಟರ್ ಲೆಕ್ಕ ಸರಿಯಾಗಿತ್ತು.

ಈ ಏಳರಲ್ಲಿ ಇಂದಿಗೂ ಅದೇ ಊರಿನಲ್ಲಿ, ಅದೇ ಹೆಸರಿನಲ್ಲಿ, ಇದೇ ಲೀಗಿನಲ್ಲಿ ಆಡುತ್ತಿರುವವು ಎರಡೇ: ರೆಜೈನಾ ಮತ್ತು ನಮ್ಮ ಸಾಸ್ಕಟೂನ್. ರೆಜೈನಾ ನಡುವೆ ಎರಡು ವರ್ಷ ಹೊರಗೆ ಹೋಗಿ ಬಂದಿತ್ತು. ಒಂದು ವರ್ಷವೂ ತಪ್ಪಿಸದೆ ಉಳಿದವರು ನಾವು ಮಾತ್ರ.

ಧಾರವಾಡದ ಮಾಸ್ತರ

ಚೆನ್ನಾಗಿ ಬರೆದಿದ್ದೀರಿ. ಮಗಳು ಕ್ಯಾಲ್ಗರಿಯಲ್ಲಿರುವುದರಿಂದ ಈ ಆಟದ ಗದ್ದಲ ಫೋನಿನಲ್ಲಿ ಕೇಳಿದ್ದೇನೆ, ತಲೆಬುಡ ಗೊತ್ತಿಲ್ಲ. ಎರಡು ಪ್ರಶ್ನೆ. ಹದಿನಾರರ ಹುಡುಗನನ್ನು ತಂಡಕ್ಕೆ ಆರಿಸುವವರು ಯಾರು? ಐಪಿಎಲ್ ಹಾಗೆ ಹರಾಜು ಇದೆಯೆ? ಮತ್ತೆ, ಒಂದು ವರ್ಷವೂ ತಪ್ಪಿಸದ ನಿಮ್ಮ ಬ್ಲೇಡ್ಸ್ ಎಷ್ಟು ಸಲ ಗೆದ್ದಿದೆ?

ಬೋ ನದಿ ದಂಡೆ, ಕ್ಯಾಲ್ಗರಿ

ಮಾಸ್ತರರೇ, ಎರಡನೆಯ ಪ್ರಶ್ನೆ ಕೇಳಬಾರದಿತ್ತು. ಅವರು ಈಗ ಎರಡು ದಿನ ಮಾತನಾಡುವುದಿಲ್ಲ.

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಹರಾಜಿಲ್ಲ, ಹಣದ ಮಾತೇ ಇಲ್ಲ. ಡ್ರಾಫ್ಟ್ ಇದೆ: ತಂಡಗಳು ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರು ಕೂಗುತ್ತವೆ. 1990ರಿಂದ ಈ ವ್ಯವಸ್ಥೆ ಇದೆ. ಆಗ ಹುಡುಗನಿಗೆ ಹದಿನಾಲ್ಕೋ ಹದಿನೈದೋ ವರ್ಷ. ಮುಂದಿನ ವರ್ಷ ಕೆಲವು ಪಂದ್ಯ ಆಡಬಹುದು, ಹದಿನಾರಕ್ಕೆ ಪೂರ್ತಿ ತಂಡಕ್ಕೆ ಸೇರುತ್ತಾನೆ. ಹದಿನೈದಕ್ಕೇ ಪೂರ್ತಿ ಆಡಲು ಈ ಲೀಗಿನಲ್ಲಿ ಮೊದಲು ವಿಶೇಷ ಅನುಮತಿ ಪಡೆದವನು ಕಾನರ್ ಬೆಡಾರ್ಡ್; ರೆಜೈನಾ ಪ್ಯಾಟ್ಸ್ ಪರ 2022-23ರಲ್ಲಿ 57 ಪಂದ್ಯಗಳಲ್ಲಿ 71 ಗೋಲು ಹೊಡೆದ. ಇಪ್ಪತ್ತು ವರ್ಷದವರು ತಂಡಕ್ಕೆ ಮೂವರೇ ಇರಬಹುದು.

ಡ್ರಾಫ್ಟ್ ಆದ ಊರು ಸಾವಿರ ಕಿಲೋಮೀಟರ್ ದೂರವಿರಬಹುದು. ಹುಡುಗ ಅಲ್ಲಿ ಒಂದು ಕುಟುಂಬದ ಮನೆಯಲ್ಲಿ ಇರುತ್ತಾನೆ. ಬಿಲ್ಲೆಟ್ ಮನೆ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಅಂಥ ಮನೆ ಇದೆ. ಆ ಮನೆಯಾಕೆ ಅಂಗಡಿಯಲ್ಲಿ ಸಿಕ್ಕಾಗ ನೋಡಬೇಕು: ನಾಲ್ಕು ಲೀಟರಿನ ಹಾಲಿನ ಡಬ್ಬಿ ಮೂರು, ಮೊಟ್ಟೆಯ ದೊಡ್ಡ ಟ್ರೇ, ಪಾಸ್ತಾ ಪೊಟ್ಟಣಗಳ ರಾಶಿ. ‘ಇದು ಗುರುವಾರದ ತನಕ’ ಎನ್ನುತ್ತಾರೆ. ಗ್ಯಾರೇಜಿನ ತಂತಿಯ ಮೇಲೆ ಬೆವರಿನ ಕೈಗವಸು, ಮೊಣಕಾಲಿನ ಪ್ಯಾಡು ಒಣಗುತ್ತಿರುತ್ತವೆ. ಆ ಬಾಗಿಲು ತೆರೆದಾಗ ಹತ್ತಿರ ಹೋಗದಿರುವುದು ಒಳ್ಳೆಯದು. ಹುಡುಗ ಬೆಳಿಗ್ಗೆ ಅದೇ ಊರಿನ ಶಾಲೆಗೆ ಹೋಗುತ್ತಾನೆ, ಮಧ್ಯಾಹ್ನ ಅಭ್ಯಾಸ, ವಾರದ ಕೊನೆಗೆ ಬಸ್ಸು.

ಬ್ಲೇಡ್ಸ್ ಅಭಿಮಾನಿ, ಸಾಸ್ಕಟೂನ್

ಮಾತನಾಡುತ್ತೇನೆ, ಏನು ಮಾಡುವುದು. 1966ರಿಂದ 2025ರ ಋತುವಿನವರೆಗೆ ಲೀಗ್ ಪ್ರಶಸ್ತಿ ಒಂದೂ ಇಲ್ಲ. 2023ರಲ್ಲಿ ಬೆಡಾರ್ಡ್ ಇದ್ದ ರೆಜೈನಾವನ್ನು ಏಳು ಪಂದ್ಯಗಳ ಸರಣಿಯ ಕೊನೆಯ ಪಂದ್ಯದಲ್ಲಿ ಮನೆಗೆ ಕಳುಹಿಸಿದೆವು, ಆಮೇಲೆ ರೆಡ್ ಡಿಯರ್ ವಿರುದ್ಧ ಮೂರು ಸೋತು ನಾಲ್ಕು ಗೆದ್ದೆವು. ಆಮೇಲೆ ಯಥಾಪ್ರಕಾರ. 2024ರಲ್ಲಿ ಮತ್ತೆ ಏಳನೆಯ ಪಂದ್ಯದ ತನಕ ಹೋಗಿ ಮೂಸ್ ಜಾ ವಾರಿಯರ್ಸ್‌ಗೆ ಸೋತೆವು, ಅವರು ಹೋಗಿ ತಮ್ಮ ಮೊದಲ ಪ್ರಶಸ್ತಿ ಎತ್ತಿಕೊಂಡರು. ಮೂಸ್ ಜಾ ಎಂದರೆ ಮೂವತ್ತು ಸಾವಿರ ಚಿಲ್ಲರೆ ಜನರ ಊರು. ಹೊಟ್ಟೆಕಿಚ್ಚು ನನಗಿದೆ, ಮುಚ್ಚಿಡುವುದಿಲ್ಲ.

ಉಳಿದ ಐದು ತಂಡಗಳ ಕಥೆ ಇದಕ್ಕಿಂತ ಸ್ವಾರಸ್ಯ. ಮೂಸ್ ಜಾ ಕನಕ್ಸ್ ಮೊದಲ ವರ್ಷದ ಚಾಂಪಿಯನ್. ಎರಡೇ ಋತುವಿಗೆ ಲೀಗ್ ಬಿಟ್ಟಿತು. ಈಗಿನ ವಾರಿಯರ್ಸ್ ಬೇರೆಯೇ ತಂಡ, 1984ರಲ್ಲಿ ವಿನಿಪೆಗ್‌ನಿಂದ ಬಂದದ್ದು. ವೇಬರ್ನ್ ಪ್ರಾಂತ್ಯದ ಲೀಗಿಗೆ ಮರಳಿ ಅಲ್ಲೇ ಉಳಿಯಿತು. ಎಸ್ಟೆವನ್ ಬ್ರೂಯಿನ್ಸ್ 1971ರಲ್ಲಿ ವ್ಯಾಂಕೂವರ್ ಪಕ್ಕದ ನ್ಯೂ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಿ, 1975ರಿಂದ 1978ರವರೆಗೆ ಸತತ ನಾಲ್ಕು ಸಲ ಗೆದ್ದು, 1981ರಲ್ಲಿ ಕ್ಯಾಮ್ಲೂಪ್ಸ್‌ಗೆ ಹೋಗಿ, 1984ರಲ್ಲಿ ಬ್ಲೇಜರ್ಸ್ ಆಯಿತು. ಆ ಬ್ಲೇಜರ್ಸ್ 1992, 1994, 1995ರಲ್ಲಿ ಮೆಮೋರಿಯಲ್ ಕಪ್ ಗೆದ್ದಿತು. ಆಯಿಲ್ ಕಿಂಗ್ಸ್ 1976ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸೇರಿತು. ಎಡ್ಮಂಟನ್‌ನಲ್ಲಿ ಈಗಿರುವುದು 2007ರಲ್ಲಿ ಹಳೆಯ ಹೆಸರಿಟ್ಟುಕೊಂಡು ಹುಟ್ಟಿದ ಹೊಸ ತಂಡ. ಗಡಿ ದಾಟಿ ತಂಡಗಳು ಹೋದ ಮೇಲೆ ಲೀಗಿನ ಹೆಸರಿನಲ್ಲಿದ್ದ ‘ಕೆನಡಾ’ 1978ರಲ್ಲಿ ಬಿದ್ದುಹೋಯಿತು.

ಅಲೆಮಾರಿತನದಲ್ಲಿ ಮೊದಲ ಬಹುಮಾನ ಕ್ಯಾಲ್ಗರಿ ಬಫಲೋಸ್‌ಗೆ. ಮರುವರ್ಷವೇ ಸೆಂಟೆನಿಯಲ್ಸ್ ಎಂಬ ಹೆಸರು. 1977ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್, 1982ರಲ್ಲಿ ವ್ಯಾಂಕೂವರ್ ದ್ವೀಪದ ನಾನೈಮೊ, ಮರುವರ್ಷ ನ್ಯೂ ವೆಸ್ಟ್‌ಮಿನ್‌ಸ್ಟರ್, 1988ರಲ್ಲಿ ವಾಷಿಂಗ್ಟನ್ ರಾಜ್ಯದ ಟ್ರೈ-ಸಿಟಿ. ಬಾಡಿಗೆ ಮನೆಯವರೂ ಇಷ್ಟು ಸಲ ಗಂಟು ಕಟ್ಟುವುದಿಲ್ಲ.

ಹಳೆ ಪತ್ರಿಕೆ ಪ್ರಿಯ, ವಿನಿಪೆಗ್

ಏಳು ತಂಡಗಳ ಪಟ್ಟಿಯಲ್ಲಿ ಇಲ್ಲದ ಒಂದು ಊರಿನ ಬಗ್ಗೆ ಹೇಳದಿದ್ದರೆ ಈ ಲೀಗಿನ ಇತಿಹಾಸ ಅರ್ಧ. ಮ್ಯಾನಿಟೋಬಾ ಮತ್ತು ಸಾಸ್ಕಾಚೆವಾನ್ ಗಡಿಯ ಮೇಲೆಯೇ ಕೂತಿರುವ ಗಣಿಯೂರು ಫ್ಲಿನ್ ಫ್ಲಾನ್. ತಾಮ್ರ, ಸತುವಿನ ಊರು. ಬಂಡೆಯ ಮೇಲೆ ಕಟ್ಟಿದ್ದರಿಂದ ಒಳಚರಂಡಿ ಕೊಳವೆಗಳು ಎಷ್ಟೋ ಕಡೆ ನೆಲದ ಮೇಲೆಯೇ, ಮರದ ಪೆಟ್ಟಿಗೆಯೊಳಗೆ ಹೋಗುತ್ತವೆ. ಆ ಪೆಟ್ಟಿಗೆಗಳೇ ಜನರ ಕಾಲುದಾರಿ. ಅಲ್ಲಿನ ಬಾಂಬರ್ಸ್ 1967ರಲ್ಲಿ ಲೀಗ್ ಸೇರಿ 1969, 1970ರಲ್ಲಿ ಪ್ರಶಸ್ತಿ ಗೆದ್ದಿತು.

ಆಟಗಾರರಿಗೆ ಗಣಿ ಕಂಪನಿಯಲ್ಲೇ ಕೆಲಸ ಸಿಗುತ್ತಿತ್ತು. ಬಾಬಿ ಕ್ಲಾರ್ಕ್ ಆ ಊರಿನ ಹುಡುಗ, ಮಧುಮೇಹಿ. ಅದೇ ಕಾರಣಕ್ಕೆ ಎನ್‌ಎಚ್‌ಎಲ್ ತಂಡಗಳು ಹಿಂಜರಿದವು, 1969ರಲ್ಲಿ ಹದಿನೇಳನೆಯವನಾಗಿ ಫಿಲಡೆಲ್ಫಿಯಾ ಅವನನ್ನು ಆರಿಸಿತು. ಮುಂದೆ ನಾಯಕನಾಗಿ 1974, 1975ರಲ್ಲಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಎತ್ತಿದ. ಬಾಂಬರ್ಸ್‌ನಲ್ಲಿ ಅವನ ಜೊತೆಗಾರ ರೆಜಿ ಲೀಚ್ ಫಿಲಡೆಲ್ಫಿಯಾದಲ್ಲೂ ಜೊತೆಯಾದ.

1968ರಲ್ಲಿ ಲೀಗ್ ಮತ್ತೆ ರಾಷ್ಟ್ರೀಯ ಸಂಘದಿಂದ ಸಿಡಿದು ಪಶ್ಚಿಮ ಒಂಟಾರಿಯೊದ ಇನ್ನೊಂದು ಲೀಗಿನೊಂದಿಗೆ ಸೇರಿ ತನ್ನದೇ ರಾಷ್ಟ್ರೀಯ ಫೈನಲ್ ನಡೆಸಿತು. 1969ರಲ್ಲಿ ಬಾಂಬರ್ಸ್ ಎದುರು ಸೇಂಟ್ ಥಾಮಸ್ ಬ್ಯಾರನ್ಸ್. ನಾಲ್ಕನೆಯ ಪಂದ್ಯದಲ್ಲಿ ಹೊಡೆದಾಟವಾಗಿ ಬ್ಯಾರನ್ಸ್ ಮೈದಾನ ಬಿಟ್ಟು ಹೋದರು, ಸರಣಿ ಅಲ್ಲಿಗೇ ಮುಗಿಯಿತು. 1970ರಲ್ಲಿ ಸಂಘ ಕಿರಿಯರ ಆಟವನ್ನು ಎರಡು ದರ್ಜೆಯಾಗಿ ಒಡೆದು ಈ ಲೀಗನ್ನು ಮೇಲಿನ ದರ್ಜೆಗೆ ಸೇರಿಸಿಕೊಂಡಿತು. ಮಾನ್ಯತೆಯಿಲ್ಲದವರೇ ಮುಂದೆ ವ್ಯವಸ್ಥೆಯಾದರು.

ಇಂದು ಬಾಂಬರ್ಸ್ ಸಾಸ್ಕಾಚೆವಾನಿನ ಎರಡನೆಯ ದರ್ಜೆಯ ಲೀಗಿನಲ್ಲಿ ಆಡುತ್ತದೆ. ದೊಡ್ಡ ಲೀಗ್ ದೊಡ್ಡ ಊರುಗಳ ಬೆನ್ನು ಹತ್ತಿತು. ಇದನ್ನು ಬೆಳವಣಿಗೆ ಎನ್ನುವವರು ಎನ್ನಲಿ, ನನಗೆ ಒಪ್ಪಿಗೆಯಿಲ್ಲ.

ಬೋ ನದಿ ದಂಡೆ, ಕ್ಯಾಲ್ಗರಿ

ಸರ್, ಅದು ಪೂರ್ತಿ ನಿಜವಲ್ಲ. ಸ್ವಿಫ್ಟ್ ಕರೆಂಟ್ ಇಂದಿಗೂ ಆಡುತ್ತಿದೆ. ಊರಿನ ಜನಸಂಖ್ಯೆ ಇಪ್ಪತ್ತು ಸಾವಿರ ಮುಟ್ಟುವುದಿಲ್ಲ.

ಧಾರವಾಡದ ಮಾಸ್ತರ

ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ಎಂದರೆ 2018ರಲ್ಲಿ ಬಸ್ ಅಪಘಾತವಾದ ತಂಡವೆ? ಇಲ್ಲಿನ ಪತ್ರಿಕೆಗಳಲ್ಲೂ ಆಗ ಬಂದಿತ್ತು.

ಬ್ಲೇಡ್ಸ್ ಅಭಿಮಾನಿ, ಸಾಸ್ಕಟೂನ್

ಇಲ್ಲ ಸರ್, ಅದು ಹಂಬೋಲ್ಟ್ ಬ್ರಾಂಕೋಸ್. ಹೆಸರು ಒಂದೇ, ಪ್ರಾಂತ್ಯ ಒಂದೇ, ಎರಡಕ್ಕೂ ಬಸ್ಸಿನ ದುರಂತ. ಬಹಳ ಜನ ಕಲಸಿಕೊಳ್ಳುತ್ತಾರೆ.

ಸ್ವಿಫ್ಟ್ ಕರೆಂಟಿನದು 1986ರ ಡಿಸೆಂಬರ್ 30. ತಂಡ ಹನ್ನೆರಡು ವರ್ಷ ಲೆತ್‌ಬ್ರಿಡ್ಜ್‌ನಲ್ಲಿದ್ದು ಅದೇ ವರ್ಷ ಹುಟ್ಟೂರಿಗೆ ಮರಳಿತ್ತು. ರೆಜೈನಾಗೆ ಪಂದ್ಯಕ್ಕೆ ಹೊರಟ ಬಸ್ಸು ಊರು ದಾಟುತ್ತಿದ್ದಂತೆ ಕಣ್ಣಿಗೆ ಕಾಣದ ಮಂಜಿನ ಪದರದ ಮೇಲೆ ಜಾರಿ ಉರುಳಿತು. ಹಿಂಬದಿಯಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಹುಡುಗರು ಸತ್ತರು. ಬದುಕಿದವರಲ್ಲಿ ಜೋ ಸಾಕಿಕ್ ಒಬ್ಬ. ಮುಂದೆ ಕೊಲೊರಾಡೊ ತಂಡದ ನಾಯಕನಾಗಿ ಎರಡು ಸ್ಟ್ಯಾನ್ಲಿ ಕಪ್ ಗೆದ್ದವನು. ಆ ಋತುವನ್ನು ತಂಡ ಆಡಿಯೇ ಮುಗಿಸಿತು. ಲೀಗಿನ ವರ್ಷದ ಆಟಗಾರನಿಗೆ ಕೊಡುವ ಟ್ರೋಫಿ ಇಂದು ಆ ನಾಲ್ವರ ಹೆಸರಿನಲ್ಲಿದೆ. ಅಂಗಿಯ ಮೇಲೆ ನಾಲ್ಕೆಲೆಯ ಗುರುತೂ ಇದೆ.

ಮೂರು ವರ್ಷದೊಳಗೆ, 1989ರಲ್ಲಿ, ಪ್ಲೇಆಫ್‌ನಲ್ಲಿ ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದು ಮೆಮೋರಿಯಲ್ ಕಪ್‌ಗೆ ಬಂದರು. ಫೈನಲ್ ನಡೆದದ್ದು ನಮ್ಮ ಸಾಸ್ಕಟೂನ್‌ನಲ್ಲಿ, ನಮ್ಮ ಬ್ಲೇಡ್ಸ್ ವಿರುದ್ಧ. ಹೆಚ್ಚುವರಿ ಅವಧಿಯಲ್ಲಿ 4-3. ಇಲ್ಲಿನ ಹಿರಿಯ ಅಭಿಮಾನಿಗಳು ಆ ಸೋಲಿನ ಬಗ್ಗೆ ಮಾತ್ರ ಗೊಣಗುವುದಿಲ್ಲ.

ಆದರೆ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟುವಂತಿಲ್ಲ. ಆ ತಂಡದ ತರಬೇತುದಾರ ಗ್ರಹಾಂ ಜೇಮ್ಸ್ ತನ್ನ ಹುಡುಗರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. ಬಸ್ಸಿನಲ್ಲಿದ್ದ ಆಟಗಾರ ಶೆಲ್ಡನ್ ಕೆನಡಿ ದೂರು ಕೊಟ್ಟ ಮೇಲೆ 1997ರಲ್ಲಿ ಜೇಮ್ಸ್‌ಗೆ ಮೂರೂವರೆ ವರ್ಷದ ಶಿಕ್ಷೆಯಾಯಿತು. ಅಪಘಾತದ ನಂತರ ಹುಡುಗರಿಗೆ ಮನೋವೈದ್ಯರ ನೆರವು ಬೇಡ ಎಂದು ತಡೆದವನೂ ಅವನೇ.

ಹಂಬೋಲ್ಟ್ ಆಡುವುದು ಎರಡನೆಯ ದರ್ಜೆಯ ಸಾಸ್ಕಾಚೆವಾನ್ ಲೀಗಿನಲ್ಲಿ. 2018ರ ಏಪ್ರಿಲ್ 6ರಂದು ನಿಪವಿನ್‌ನ ಪಂದ್ಯಕ್ಕೆ ಹೋಗುತ್ತಿದ್ದಾಗ, ಅಡ್ಡರಸ್ತೆಯಲ್ಲಿ ನಿಲ್ಲದೆ ನುಗ್ಗಿದ ಲಾರಿ ಬಸ್ಸಿನ ದಾರಿಗೆ ಅಡ್ಡ ಬಂತು. 16 ಮಂದಿ ಸತ್ತರು, 13 ಮಂದಿ ಗಾಯಗೊಂಡರು. ಆ ವಾರ ನಮ್ಮ ಬೀದಿಯ ಮನೆಮನೆಯ ಬಾಗಿಲಲ್ಲಿ ಹಾಕಿ ಸ್ಟಿಕ್ ಒರಗಿಸಿಟ್ಟಿದ್ದರು, ರಾತ್ರಿ ಹೊರಗಿನ ದೀಪ ಆರಿಸಲಿಲ್ಲ. ಆಟ ಆಡದ ಮನೆಯವರೂ ಅಂಗಡಿಗೆ ಹೋಗಿ ಸ್ಟಿಕ್ ತಂದಿಟ್ಟರು. ಭಾರಿ ಲಾರಿ ಓಡಿಸುವವರಿಗೆ ಈ ಪ್ರಾಂತ್ಯದಲ್ಲಿ ತರಬೇತಿ ಕಡ್ಡಾಯವಾದದ್ದು ಮರುವರ್ಷದ ಮಾರ್ಚಿನಿಂದ.

ಕಾರ್ಮಿಕ ಕಾನೂನು ಓದಿದವ, ಬೆಂಗಳೂರು

ಎಲ್ಲರೂ ಭಾವುಕರಾಗಿದ್ದೀರಿ, ನಾನು ಹಣದ ಮಾತು ತೆಗೆಯುತ್ತೇನೆ. ಟಿಕೆಟ್ ಮಾರುತ್ತಾರೆ, ಜಾಹೀರಾತು ಬರುತ್ತದೆ, ತಂಡವನ್ನು ಊರಿಂದ ಊರಿಗೆ ಮಾರುತ್ತಾರೆ. ಹುಡುಗನಿಗೆ ಏನು ಸಿಗುತ್ತದೆ? ಕೈಖರ್ಚು. ಕನಿಷ್ಠ ವೇತನ ಕೊಡಿ ಎಂದು 2014ರಲ್ಲಿ ಮಾಜಿ ಆಟಗಾರರು ಕೆನಡಾದ ನ್ಯಾಯಾಲಯಗಳಿಗೆ ಹೋದರು. ಲೀಗುಗಳು ಏನು ಮಾಡಿದವು? ಸರ್ಕಾರಗಳ ಬಾಗಿಲು ತಟ್ಟಿ ಈ ಹುಡುಗರು ಕಾರ್ಮಿಕರೇ ಅಲ್ಲ ಎಂದು ಕಾನೂನು ಮಾಡಿಸಿಕೊಂಡವು. ವಾಷಿಂಗ್ಟನ್ ರಾಜ್ಯ 2015ರಲ್ಲೇ ವಿನಾಯಿತಿ ಕೊಟ್ಟಿತು. ಪ್ರಾಂತ್ಯಗಳೂ ಅದೇ ದಾರಿ ಹಿಡಿದವು. ಇನ್ನೂ ಶಾಲೆಗೆ ಹೋಗುವ ಹುಡುಗ ಒಂದು ಬೆಳಿಗ್ಗೆ ಎದ್ದು ತಾನು ಬೇರೆ ಊರಿನ ತಂಡಕ್ಕೆ ವಿನಿಮಯವಾದೆ ಎಂದು ತಿಳಿಯುವುದು ಯಾವ ನ್ಯಾಯ?

ಬೋ ನದಿ ದಂಡೆ, ಕ್ಯಾಲ್ಗರಿ

ವಿನಿಮಯದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ, ಅದು ಕ್ರೂರ. ಆದರೆ ಕೈಖರ್ಚಿನೊಂದಿಗೆ ವಿದ್ಯಾರ್ಥಿವೇತನವೂ ಇದೆ: ಒಂದು ಋತು ಆಡಿದರೆ ಕಾಲೇಜಿನ ಒಂದು ವರ್ಷದ ಶುಲ್ಕ ಮತ್ತು ಪುಸ್ತಕದ ಖರ್ಚು. ಹೆಚ್ಚಿನ ಹುಡುಗರು ಎನ್‌ಎಚ್‌ಎಲ್ ತಲುಪುವುದಿಲ್ಲ. ಅವರ ಕೈಗೆ ಉಳಿಯುವುದು ಇದೇ. ನಮ್ಮ ಮಕ್ಕಳ ಶುಲ್ಕ ಕಟ್ಟಿದವರಿಗೆ ಅದರ ಬೆಲೆ ಗೊತ್ತು.

ಕಾರ್ಮಿಕ ಕಾನೂನು ಓದಿದವ, ಬೆಂಗಳೂರು

ಸಂಬಳದ ಬದಲು ಮುಂದೆಂದೋ ಸಿಗುವ ಶುಲ್ಕ, ಅದಕ್ಕೂ ಷರತ್ತು, ಗಡುವು. ಮೇಡಂ, ಇದನ್ನು ನಮ್ಮೂರಿನ ಯಾವ ಕಾರ್ಖಾನೆ ಮಾಡಿದ್ದರೂ ನೀವೇ ಧರಣಿ ಕೂರುತ್ತಿದ್ದಿರಿ.

ಹಳೆ ಪತ್ರಿಕೆ ಪ್ರಿಯ, ವಿನಿಪೆಗ್

ಈ ವಾದವನ್ನು ನ್ಯಾಯಾಲಯಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಅಮೆರಿಕದ ಕಾಲೇಜುಗಳು. ಈ ಲೀಗಿನಲ್ಲಿ ಒಂದು ಪಂದ್ಯ ಆಡಿದರೂ ಅಮೆರಿಕದ ಕಾಲೇಜು ಹಾಕಿಗೆ ಅನರ್ಹ ಎಂಬುದು ಹಳೆಯ ನಿಯಮ. ಹಾಗಾಗಿ ಹದಿನೈದಕ್ಕೇ ಹುಡುಗನೂ ಅಪ್ಪ ಅಮ್ಮನೂ ಒಂದು ದಾರಿ ಆರಿಸಲೇಬೇಕಿತ್ತು. 2024ರ ನವೆಂಬರಿನಲ್ಲಿ ಆ ನಿಯಮ ತೆಗೆಯಲು ತೀರ್ಮಾನವಾಗಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕೂಡಲೇ ಏನಾಯಿತು ನೋಡಿ: ಮೆಡಿಸಿನ್ ಹ್ಯಾಟ್ ಟೈಗರ್ಸ್‌ಗೆ 2025ರ ಪ್ರಶಸ್ತಿ ಗೆಲ್ಲಿಸಿದ ಯೂಕಾನ್ ಹುಡುಗ ಗ್ಯಾವಿನ್ ಮೆಕೆನಾ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ. ಅತ್ತ ಬ್ರಿಟಿಷ್ ಕೊಲಂಬಿಯಾದ ಇನ್ನೊಂದು ಕಿರಿಯರ ಲೀಗಿನ ಹೆಸರಾಂತ ತಂಡ ಪೆಂಟಿಕ್ಟನ್ ವೀಸ್ ತನ್ನ ಲೀಗ್ ಬಿಟ್ಟು 2025-26ಕ್ಕೆ ಇಲ್ಲಿಗೆ ಸೇರಿತು. ಅಮೆರಿಕದ ಕಾಲೇಜಿಗೆ ಹೋಗುವ ಅನೇಕ ಹುಡುಗರು ಆ ಲೀಗಿನಲ್ಲಿ ಆಡುತ್ತಿದ್ದರು. ಈಗ ಆ ಅನುಕೂಲ ಉಳಿದಿಲ್ಲ.

ನನಗನ್ನಿಸುವಂತೆ ಲೀಗಿಗೆ ಇದು ಕೊಡುವುದು ಹೆಚ್ಚು, ಕಸಿಯುವುದು ಕಡಿಮೆ. ಹದಿನೇಳರಾಚೆಯ ತಾರೆಗಳು ಹೋಗುತ್ತಾರೆ, ಹದಿನಾರರವರು ಧೈರ್ಯವಾಗಿ ಬರುತ್ತಾರೆ.

ಸರ್ರೆಯ ಸಂಜೆ, ಬ್ರಿಟಿಷ್ ಕೊಲಂಬಿಯಾ

ಯಾರೂ ನಮ್ಮವರ ಬಗ್ಗೆ ಹೇಳಲಿಲ್ಲವಲ್ಲ. ಎನ್‌ಎಚ್‌ಎಲ್‌ನಲ್ಲಿ ಆಡಿದ ಭಾರತೀಯ ಮೂಲದ ಮೊದಲಿಗ ರಾಬಿನ್ ಬಾವಾ ತಯಾರಾದದ್ದು ಇದೇ ಲೀಗಿನ ಕ್ಯಾಮ್ಲೂಪ್ಸ್‌ನಲ್ಲಿ, ಎಂಬತ್ತರ ದಶಕದಲ್ಲಿ. ಜುಝಾರ್ ಖೈರಾ ಎವರೆಟ್‌ಗೆ ಆಡಿದ. ನಮ್ಮ ಸರ್ರೆಯ ಅರ್ಷದೀಪ್ ಬೈನ್ಸ್ ರೆಡ್ ಡಿಯರ್ ರೆಬೆಲ್ಸ್ ಪರ 2021-22ರಲ್ಲಿ 112 ಅಂಕ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿ ಇಡೀ ಲೀಗಿಗೇ ಮೊದಲಿಗನಾದ. ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಅವನ ಹೆಸರನ್ನು ಯಾರೂ ಕೂಗಿರಲಿಲ್ಲ. ಆಮೇಲೆ ವ್ಯಾಂಕೂವರ್ ಕನಕ್ಸ್ ಕರೆದು ಸಹಿ ಹಾಕಿಸಿಕೊಂಡಿತು.

ಎಲ್ಲರೂ ಪಂಜಾಬಿ ಮನೆಯ ಮಕ್ಕಳೇ. ಇಲ್ಲಿ ಎನ್‌ಎಚ್‌ಎಲ್ ಪಂದ್ಯಗಳಿಗೆ 2008ರಿಂದ ಪಂಜಾಬಿ ವೀಕ್ಷಕ ವಿವರಣೆಯೂ ಇದೆ. ನನಗೆ ಅರ್ಧ ಅರ್ಥವಾಗುತ್ತದೆ, ಹುರುಪು ಪೂರ್ತಿ ಅರ್ಥವಾಗುತ್ತದೆ. ನಮ್ಮ ಕನ್ನಡ ಸಂಘದ ಮಕ್ಕಳಲ್ಲಿ ಸ್ಕೇಟಿಂಗ್ ಕಲಿತವರು ಬಹಳ, ತಂಡಕ್ಕೆ ಸೇರಿದವರು ಕಡಿಮೆ. ಬೆಳಗಿನ ಜಾವ ಐದೂವರೆಗೆ ರಿಂಕ್ ಬಾಗಿಲಲ್ಲಿ ನಿಲ್ಲಬೇಕು, ಪ್ರತಿ ವರ್ಷ ಕಾಲು ಬೆಳೆದಂತೆ ಹೊಸ ಸ್ಕೇಟ್ ಕೊಡಿಸಬೇಕು. ಮಗನ ವಿಷಯದಲ್ಲಿ ನಾನೇ ಹಿಂದೆ ಸರಿದೆ, ಅವನು ಬ್ಯಾಡ್ಮಿಂಟನ್ ಆಡುತ್ತಾನೆ.

ಧಾರವಾಡದ ಮಾಸ್ತರ

ಡಿಸೆಂಬರಿನಲ್ಲಿ ಮಗಳ ಮನೆಗೆ ಬರುತ್ತಿದ್ದೇನೆ. ಇಷ್ಟೆಲ್ಲ ಓದಿದ ಮೇಲೆ ಒಂದು ಪಂದ್ಯ ನೋಡದೆ ಮರಳಿದರೆ ಹೇಗೆ? ಕ್ಯಾಲ್ಗರಿಯ ತಂಡ ಯಾವುದು? ಬಫಲೋಸ್ ಅಂತೂ ಹೊರಟುಹೋಯಿತಲ್ಲ.

ಬೋ ನದಿ ದಂಡೆ, ಕ್ಯಾಲ್ಗರಿ

ಹಿಟ್‌ಮೆನ್, ಮಾಸ್ತರರೇ. 1995ರಲ್ಲಿ ಶುರುವಾದದ್ದು. ಕುಸ್ತಿಪಟು ಬ್ರೆಟ್ ಹಾರ್ಟ್ ಕ್ಯಾಲ್ಗರಿಯವನು; ತಂಡದಲ್ಲಿ ಅವನ ಪಾಲೂ ಇತ್ತು, ಹೆಸರೂ ಅವನ ಬಿರುದಿನಿಂದಲೇ ಬಂತು. ಜೋ ಸಾಕಿಕ್ ಕೂಡ ಆಗಿನ ಪಾಲುದಾರ.

ಡಿಸೆಂಬರಿನಲ್ಲಿ ಬರುವುದಾದರೆ ಟೆಡ್ಡಿ ಕರಡಿ ಎಸೆಯುವ ಪಂದ್ಯಕ್ಕೇ ಟಿಕೆಟ್ ತೆಗೆಸಿ. ಕ್ಯಾಮ್ಲೂಪ್ಸ್‌ನವರು 1993ರಲ್ಲಿ ಶುರುಮಾಡಿದ ಪದ್ಧತಿ, ಈಗ ಎಲ್ಲೆಡೆ ಇದೆ, ಆದರೆ ಇಲ್ಲಿನಷ್ಟು ದೊಡ್ಡದಾಗಿ ಈ ಲೀಗಿನಲ್ಲಿ ಬೇರೆಲ್ಲೂ ನಡೆಯುವುದಿಲ್ಲ. 2015ರಲ್ಲಿ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಗೊಂಬೆಗಳು ಬಿದ್ದವು. ಎಲ್ಲವೂ ಆಸ್ಪತ್ರೆಗಳಿಗೆ, ಬಡ ಮಕ್ಕಳಿಗೆ ಹೋಗುತ್ತವೆ. ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ, ಇಲ್ಲದಿದ್ದರೆ ನೀರು ಕುಡಿಯುತ್ತದೆ. ನಮ್ಮವರು ಮೊದಲ ಗೋಲು ಹೊಡೆದಾಗ ಮಾತ್ರ ಎಸೆಯಬೇಕು. ಎದುರಾಳಿ ಮೊದಲು ಹೊಡೆದರೆ ಗೊಂಬೆ ತೊಡೆಯ ಮೇಲೆಯೇ ಇರಲಿ. ಎಸೆದ ಮೇಲೆ ಮಂಜು ಶುಚಿ ಮಾಡಲು ಬಹಳ ಹೊತ್ತು ಬೇಕು, ಹುಡುಗರೆಲ್ಲ ಗೊಂಬೆ ರಾಶಿಯ ಮೇಲೆ ಹಾರಿ ಬಿದ್ದು ಹೊರಳಾಡುತ್ತಾರೆ. ಆ ಹೊತ್ತಿನಲ್ಲಿ ಕಾಫಿ ತಂದುಕೊಳ್ಳಬಹುದು, ಸಾಲು ಮಾತ್ರ ಉದ್ದವಿರುತ್ತದೆ. ಒಳಗೂ ಚಳಿಯೇ, ಮಫ್ಲರ್ ಮರೆಯಬೇಡಿ.